ದೋಣಿಯೋ, ದೋಣಿಯ ಮಾದರಿಯೋ?

ಕೇರಳ ಪ್ರವಾಸದಿಂದ ಬಂದವರ ಮನೆಯ ಷೋಕೇಸಿನಲ್ಲಿ ಪುಟ್ಟ ಮರದ ದೋಣಿಯೊಂದನ್ನು ನಾವೆಲ್ಲ ನೋಡಿರುತ್ತೇವೆ. ಅದು 'ಕೆಟ್ಟುವಳ್ಳಂ' ಎಂಬ ಸರಕು ದೋಣಿಯ ಮಾದರಿ. ಮಲಯಾಳದ 'ಕೆಟ್ಟು' ಎಂದರೆ ನಮ್ಮ 'ಕಟ್ಟು'. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಬಿಗಿದ ಈ ದೋಣಿಗಳು ಹಿಂದೆ ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದವು.

ಮಾದರಿಯಲ್ಲಿ ಆಕಾರವೆಲ್ಲ ಇದೆ. ಆದರೆ ಒಂದು ಲೆಕ್ಕ ನೋಡೋಣ. 30 ಟನ್ ಹೊರುವ ದೋಣಿಯ ಉದ್ದ, ಅಗಲ, ಎತ್ತರಗಳನ್ನು 50ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಹೊರುವ ಭಾರ 1,25,000ದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ 240 ಗ್ರಾಂ! ಮನೆಗೆ ನಾಲ್ಕು ಜನ ಅತಿಥಿಗಳು ಬಂದರೆ ಸಾಲದಷ್ಟು ಅಕ್ಕಿ.

ಪರದೇಶದಲ್ಲಿ ನಾವು ಮಕ್ಕಳ ಕೈಗೆ ಕೊಡುತ್ತಿರುವ ಸಂಸ್ಕೃತಿ ದೋಣಿಯೋ, ಮಾದರಿಯೋ? ರೇಷ್ಮೆ ಸೀರೆ, ಕೋಸಂಬರಿ, ಎರಡು ಗಂಟೆಯ ಕಾರ್ಯಕ್ರಮ. ಆಕಾರ ಚೆನ್ನಾಗಿಯೇ ಉಳಿದಿದೆ. ಮಾದರಿ ಬೇಡವೆಂದಲ್ಲ, ದಸರೆಗೆ ಗೊಂಬೆ ಕೂರಿಸುವವರು ನಾವು. ನೋಡಿದ ಮಗು "ಇದೇನು?" ಎಂದು ಕೇಳುವುದು ಅಲ್ಲಿಂದಲೇ. ಆದರೆ ಹೊಸದಾಗಿ ಬಂದ ಕುಟುಂಬದ ಒಂಟಿತನ, ಪಕ್ಕದ ಮನೆಯ ಸಾವು, ಊರಿನಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮ, ಇವು ನಿಜವಾದ ಹೊರೆಗಳು. ಇವನ್ನು ಹೊರಲಾರದ ಸಂಪ್ರದಾಯ ಎಷ್ಟು ಅಂದವಾಗಿದ್ದರೇನು?

ಸವೆದ ಹಗ್ಗವನ್ನು ಬಿಚ್ಚಿ ಹೊಸ ಹಗ್ಗ ಕಟ್ಟಿದರೂ ದೋಣಿ ದೋಣಿಯೇ. ಹಾಗೆಯೇ ಪೂಜೆ ಶನಿವಾರಕ್ಕೆ ಹೋದರೂ, ಮಕ್ಕಳ ಕನ್ನಡದಲ್ಲಿ ಇಂಗ್ಲಿಷ್ ಬೆರೆತರೂ ಚಿಂತೆಯಿಲ್ಲ. ಇನ್ನೊಬ್ಬರ ಭಾರಕ್ಕೆ ಹೆಗಲು ಕೊಡುವುದನ್ನು ಅವರು ನಮ್ಮನ್ನು ನೋಡಿ ಕಲಿಯಲಿ.