ಪರರ ಲೆಕ್ಕವೂ ನ್ಯಾಸವೇ

ಜೋರಾಪುರ ಪೇಟೆಯ ಅಂಗಡಿಗಳಲ್ಲಿ ಉದ್ರಿ ವ್ಯವಹಾರವು ಖಾತೆವಹಿಯ ಮೇಲೆಯೇ ನಡೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಂದ ರೈತನು ‘ಸಾವ್ಕಾರ್ರೆ, ನನ್ನ ಲೆಕ್ಕಾ ತೋರಸ್ರಿ’ ಎಂದರೆ ವಹಿಯು ಅವನೆದುರಿಗೇ ತೆರೆಯುತ್ತಿತ್ತು. ಅಕ್ಷರ ಬಾರದವನು ಮಗನಿಂದಲೋ ನೆರೆಯವನಿಂದಲೋ ಓದಿಸಿ ಕೇಳುತ್ತಿದ್ದನು. ಆ ಪದ್ಧತಿಯಲ್ಲಿ ಮೋಸವೇ ಇರಲಿಲ್ಲವೆಂದು ಹೇಳಲಾಗದು. ಆದರೆ ತನ್ನ ವಿಷಯದಲ್ಲಿ ಯಾರು, ಎಲ್ಲಿ, ಏನು ಬರೆದಿದ್ದಾರೆಂಬುದು ಸಾಲಗಾರನಿಗೆ ತಿಳಿದಿರುತ್ತಿತ್ತು.

ಇಂದು ವಹಿಯು ಪೇಟೆಯನ್ನು ಬಿಟ್ಟುಹೋಗಿದೆ. ನನಗೆ ಪರಿಚಿತರಾದ ಬಟ್ಟೆ ವ್ಯಾಪಾರಿಗಳೊಬ್ಬರು ಮಗಳ ವ್ಯಾಸಂಗಕ್ಕಾಗಿ ಸಾಲ ಕೇಳಲು ಹೋದಾಗ, ‘ನಿಮ್ಮ ಹಳೆಯ ಸಾಲವೊಂದು ಬಾಕಿಯಿದೆ’ ಎಂಬ ಉತ್ತರ ದೊರೆಯಿತು. ಆ ಸಾಲವನ್ನು ಅವರು ಎಂದೋ ತೀರಿಸಿ ರಸೀದಿ ಪಡೆದಿದ್ದರು. ಅದನ್ನು ದಾಖಲಿಸುವುದನ್ನು ಯಾರೋ ಮರೆತಿದ್ದರು. ಮರೆತದ್ದು ಒಂದೇ ಸಾಲು; ಆದರೆ ಅದನ್ನು ತಿದ್ದಿಸುವಷ್ಟರಲ್ಲಿ ಪ್ರವೇಶದ ಅವಧಿ ಮುಗಿದು, ಆ ಹುಡುಗಿಯ ಒಂದು ವರ್ಷ ವ್ಯರ್ಥವಾಯಿತು. ‘ಸಾಲ ಸಿಗದ್ದಕ್ಕಿಂತ, ಕೊಟ್ಟ ಮಾತಿಗೆ ತಪ್ಪಿದವನೆಂದು ನನ್ನನ್ನು ಬರೆದಿಟ್ಟದ್ದೇ ಹೆಚ್ಚು ನೋವಾಯಿತು’ ಎಂದು ಅವರು ಹೇಳಿದರು.

ಇಂಥ ದಾಖಲೆಗಳನ್ನು ಸಂಗ್ರಹಿಸುವ ನಾಲ್ಕು ಸಾಲಮಾಹಿತಿ ಕಂಪನಿಗಳು ನಮ್ಮ ದೇಶದಲ್ಲಿವೆ. ಅವುಗಳಲ್ಲಿ ಮೊದಲನೆಯದಾದ ಸಿಬಿಲ್ 2000ರಲ್ಲಿ ಸ್ಥಾಪಿತವಾಯಿತು. 2005ರ ಕಾಯಿದೆಯು ಇವುಗಳ ನಿಯಂತ್ರಣವನ್ನು ಭಾರತೀಯ ರಿಸರ್ವ್ ಬ್ಯಾಂಕಿಗೆ ವಹಿಸಿತು. ಅದರ ಆದೇಶದಂತೆ 2017ರ ಜನವರಿಯಿಂದ ಪ್ರತಿಯೊಬ್ಬರೂ ತಮ್ಮ ಪೂರ್ಣ ವರದಿಯನ್ನು ಪ್ರತಿಯೊಂದು ಕಂಪನಿಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. 2022ರ ಸೆಪ್ಟೆಂಬರಿನಿಂದ ಈ ಕಂಪನಿಗಳ ಮೇಲಿನ ದೂರನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಒಯ್ಯಲು ಅವಕಾಶವಾಯಿತು. 2024ರ ಏಪ್ರಿಲ್ 26ರಿಂದ, ದೂರು ಕೊಟ್ಟ 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವೂ ಬಂದಿತು. ಇವೆಲ್ಲದರ ತಾತ್ಪರ್ಯ ಒಂದೇ: ಕಣ್ಮರೆಯಾದ ವಹಿಯನ್ನು ಮತ್ತೆ ಸಾಲಗಾರನೆದುರು ತೆರೆಯಿಸುವುದು.

ಸತ್ಯಾಣುವ್ರತವನ್ನು ಪಾಲಿಸುವ ಸಮಾಜಕ್ಕೆ ಸರಕಾರದ ಕಾವಲುಗಾರನೇಕೆ ಎಂದು ಕೆಲವರು ಕೇಳಬಹುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಆ ವ್ರತದ ಅತಿಚಾರಗಳನ್ನು ನೆನೆಯೋಣ. ಪರರ ಗುಟ್ಟನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಸುಳ್ಳು ಬರಹವನ್ನು ಮಾಡುವುದು ಕೂಟಲೇಖಕ್ರಿಯೆ. ನಂಬಿ ಇಟ್ಟ ಒತ್ತೆಯನ್ನು ಅಪಹರಿಸುವುದು ನ್ಯಾಸಾಪಹಾರ. ಈ ಕೊನೆಯದರ ವಿವರಣೆಯು ಸೂಕ್ಷ್ಮವಾದುದು: ಇಟ್ಟವನು ತಾನಿಟ್ಟದ್ದೆಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದೂ ಅಪಹಾರವೇ. ಪರರ ಅಜ್ಞಾನದಿಂದ ಲಾಭ ಪಡೆಯುವುದೇ ಇಲ್ಲಿಯ ದೋಷ. ಇಂದಿನ ಗ್ರಾಹಕನಾದರೋ ತನ್ನ ವಿಷಯದಲ್ಲಿ ಎಷ್ಟು ಸಂಗ್ರಹವಾಗಿದೆ ಎಂಬುದನ್ನೇ ಅರಿಯನು.

ವ್ರತವು ಮನಸ್ಸನ್ನು ಕಾಯುತ್ತದೆ. ಆದರೆ ದ್ವೇಷವಿಲ್ಲದವನಿಂದಲೂ ಪ್ರಮಾದವಾಗುತ್ತದೆ. ಮೇಲಿನ ವ್ಯಾಪಾರಿಗಳಿಗೆ ಯಾರೂ ಕೇಡು ಬಯಸಿರಲಿಲ್ಲ. ಆದುದರಿಂದಲೇ ನಮ್ಮಲ್ಲಿ ವ್ರತದೊಡನೆ ಪ್ರತಿಕ್ರಮಣವನ್ನೂ ವಿಧಿಸಲಾಗಿದೆ. ತಾನಾಗಿ ತನ್ನ ದೋಷವನ್ನು ನೋಡಿಕೊಳ್ಳದ ಸಂಸ್ಥೆಗೆ ಹೊರಗಿನಿಂದ ಆ ನೋಟವನ್ನು ವಿಧಿಸುವವನೇ ನಿಯಂತ್ರಕನು.

ಆದರೆ ನಿಯಂತ್ರಕನ ಕಣ್ಣು ತಲುಪದ ಕಪಾಟುಗಳು ಬಹಳ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯಾಯಿತು. ಮಾಹಿತಿಯನ್ನು ಭದ್ರವಾಗಿ ಕಾಯದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಅದು ಹೇಳುತ್ತದೆ. ಆದರೆ ಅದೇ ಕಾಯಿದೆಯು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಇಟ್ಟಿದೆ. ಕಾವಲುಗಾರನನ್ನು ನೇಮಿಸಿದವನೂ ಕಾವಲಿಗೆ ಒಳಪಡಬೇಕಲ್ಲವೇ?

ಈ ಪ್ರಶ್ನೆಯನ್ನು ಸರಕಾರಕ್ಕೆ ಕೇಳುವ ಮುನ್ನ ನಮಗೆ ನಾವೇ ಕೇಳಿಕೊಳ್ಳುವುದು ಯೋಗ್ಯ. ನಮ್ಮ ಬಸದಿಗಳ, ವಿದ್ಯಾರ್ಥಿನಿಲಯಗಳ ಟ್ರಸ್ಟುಗಳಲ್ಲಿ ದಾನಿಗಳ ಹೆಸರು, ದೂರವಾಣಿ ಸಂಖ್ಯೆ, ವಧೂವರರ ವಿವರ, ಸಹಾಯ ಬೇಡಿದ ಬಡ ಕುಟುಂಬಗಳ ಅರ್ಜಿ ಇವೆ. ಬೇಡಿ ಬಂದವರ ಕಷ್ಟವನ್ನು ಸಭೆಯಲ್ಲಿ ಓದಿ ಹೇಳುವಾಗ, ಹೆಸರಿನ ಪಟ್ಟಿಯನ್ನು ವ್ಯಾಪಾರಕ್ಕಾಗಿ ಕೇಳಿದವರಿಗೆ ಕೊಡುವಾಗ, ಅದು ನ್ಯಾಸವೆಂಬ ನೆನಪು ನಮಗಿರುವುದೇ? ಅಗತ್ಯಕ್ಕಿಂತ ಹೆಚ್ಚು ಕೂಡಿಡುವುದು ಧನದಲ್ಲಿ ಪರಿಗ್ರಹವಾದರೆ ಮಾಹಿತಿಯಲ್ಲಿಯೂ ಪರಿಗ್ರಹವೇ.

ಮುಂದಿನ ದೀಪಾವಳಿಗೆ ಹೊಸ ವಹಿಯನ್ನು ಪೂಜಿಸುವಾಗ ಹಳೆಯದನ್ನೂ ಒಮ್ಮೆ ತೆರೆದು ನೋಡೋಣ. ಅದರಲ್ಲಿ ಯಾರ ಹೆಸರಿದೆಯೋ ಅವರು ಎದುರಿಗೆ ಬಂದು ‘ನನ್ನ ಲೆಕ್ಕ ತೋರಿಸಿರಿ’ ಎಂದರೆ, ಸಂಕೋಚವಿಲ್ಲದೆ ತೋರಿಸಬಲ್ಲೆವಾದರೆ ನಮ್ಮ ವ್ರತವು ನೆಲೆಗೊಂಡಿದೆ ಎಂದು ತಿಳಿಯಬಹುದು.