ಆಟದ ತೆರೆಯೂ ಪ್ರತ್ಯಕ್ಷಪ್ರಮಾಣವೂ

"ಕಣ್ಣಾರೆ ಕಂಡಿದ್ದೇನೆ" ಎಂಬ ಮಾತಿಗೆ ನಮ್ಮ ತಾರ್ಕಿಕರು ದೊಡ್ಡ ಪದವಿಯನ್ನು ಕೊಟ್ಟಿದ್ದಾರೆ. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದು. ಈಗಿನ ವಿದ್ಯಾರ್ಥಿಗಳು ಮೊಬೈಲಿನ ತೆರೆಯ ಮೇಲೆ ಆಡುತ್ತ, ಭೌತಶಾಸ್ತ್ರದ ವಿಷಯದಲ್ಲಿ ಇದೇ ಮಾತನ್ನಾಡುವುದನ್ನು ಸಿಂಧನೂರಿನ ಯಾವ ಕಟ್ಟೆಯ ಮೇಲಾದರೂ ಕೇಳಬಹುದು. ಅವರು ಕಂಡದ್ದು ಏನೆಂಬುದು ವಿಚಾರಣೀಯವಾಗಿದೆ.

2009ರಲ್ಲಿ ಫಿನ್ಲೆಂಡ್ ದೇಶದಿಂದ ಹೊರಟ 'ಆಂಗ್ರಿ ಬರ್ಡ್ಸ್' ಎಂಬ ಆಟದಲ್ಲಿ ಹಕ್ಕಿಗಳನ್ನೇ ಕವಣೆಯಲ್ಲಿಟ್ಟು ಎಸೆಯುತ್ತಾರೆ. (ನಮ್ಮ ಸೀಮೆಯ ಜೋಳದ ಹೊಲಗಳಲ್ಲಿ ಕವಣೆ ಬೀಸಿದ್ದು ಹಕ್ಕಿಗಳನ್ನು ಓಡಿಸುವುದಕ್ಕೆ; ಕಾಲದ ವೈಚಿತ್ರ್ಯ!) ಹಕ್ಕಿಯು ಗುರಿ ಮುಟ್ಟದೆ ಬಿದ್ದಾಗ ಒಬ್ಬ ಹುಡುಗನು "ಫೋರ್ಸ್ ತೀರಿತು, ಅದಕ್ಕೇ ಬಿತ್ತು" ಎನ್ನುತ್ತಾನೆ. ಇದು ನಗತಕ್ಕ ಮಾತಲ್ಲ. ಬಿಟ್ಟ ಬಾಣದಲ್ಲಿ ವೇಗವೆಂಬ ಸಂಸ್ಕಾರವು ಹುಟ್ಟುವುದೆಂದೂ, ಅದು ಇಲ್ಲವಾದಾಗ ಗುರುತ್ವದಿಂದ ಪತನವಾಗುವುದೆಂದೂ ವೈಶೇಷಿಕರು ಹೇಳಿದರು. ಹುಡುಗನು ತಾನರಿಯದೆಯೆ ಕಣಾದನ ಶಿಷ್ಯ! ಜೊತೆಗಾರನು ಸುಮ್ಮನಿರುವುದಿಲ್ಲ. "ಗ್ರಾವಿಟಿ ಬಿಟ್ಟ ಕ್ಷಣದಿಂದಲೇ ಎಳೆಯುತ್ತದೆ, ಇಲ್ಲವಾದರೆ ದಾರಿ ಮೊದಲಿಂದಲೇ ಬಾಗುವುದೇಕೆ?" ಎಂದು ತೆರೆಯ ಮೇಲೆ ಉಳಿದ ಚುಕ್ಕಿಗಳ ಸಾಲನ್ನು ತೋರಿಸುತ್ತಾನೆ. ಇದು 1638ರಲ್ಲಿ ಪ್ರಕಟವಾದ ಗೆಲಿಲಿಯೋನ ಮತ. ಪಾಠಶಾಲೆಯಲ್ಲಿ ತಿಂಗಳು ಹಿಡಿಯುವ ಪೂರ್ವಪಕ್ಷ ಸಿದ್ಧಾಂತಗಳು ಇಲ್ಲಿ ಅರ್ಧ ಗಳಿಗೆಯಲ್ಲಿ ಮುಗಿಯುತ್ತವೆ.

ಸಂತೋಷವೇ ಸರಿ. ಆದರೆ 'ಮೈನ್‌ಕ್ರಾಫ್ಟ್' ಎಂಬ ಆಟದಲ್ಲಿ ಮರದ ಬುಡವನ್ನು ಕಡಿದರೂ ಮೇಲಿನ ಕಾಂಡವು ಅಂತರಾಳದಲ್ಲಿಯೇ ನಿಲ್ಲುತ್ತದೆ. ಮರಳು ಮಾತ್ರ ಬೀಳುತ್ತದೆ. 'ಮಾರಿಯೋ' ಎಂಬವನು ಜಿಗಿದ ಮೇಲೆ ಗಾಳಿಯಲ್ಲಿಯೇ ದಿಕ್ಕು ತಿರುಗಿಸುತ್ತಾನೆ. ಇವನ್ನೂ ಹುಡುಗರು ಕಣ್ಣಾರೆ ಕಂಡಿದ್ದಾರಲ್ಲವೆ? ಆದಕಾರಣ ತೆರೆಯ ಮೇಲಣ ನೋಟವು ನಿಸರ್ಗದ ವಿಷಯದಲ್ಲಿ ಪ್ರತ್ಯಕ್ಷವಲ್ಲ, ಶಬ್ದ; ಆಟವನ್ನು ರಚಿಸಿದವನ ವಾಕ್ಯವು ಪ್ರತ್ಯಕ್ಷದ ವೇಷವನ್ನು ಧರಿಸಿ ಬಂದಿದೆ. ಅವನು ನ್ಯೂಟನ್ನನ ನಿಯಮವನ್ನು ಅನುಸರಿಸಿದರೆ ಆಪ್ತನು; ಆಟದ ಸೊಗಸಿಗಾಗಿ ಮೀರಿದರೆ ಕವಿಯು. ಕವಿಯಾಗುವುದರಲ್ಲಿ ದೋಷವಿಲ್ಲ, ಕವಿಯನ್ನು ಸಾಕ್ಷಿಯೆಂದು ಕರೆತರುವುದರಲ್ಲಿ ಉಂಟು.

ಇಲ್ಲಿ ಉಪಾಧ್ಯಾಯನ ಧರ್ಮವೇನು? ಆಟವನ್ನು ಕಸಿದುಕೊಳ್ಳತಕ್ಕದ್ದೆಂದು ಕೆಲವರು ಹೇಳುವರು. ನನಗೆ ಒಪ್ಪಿಗೆಯಿಲ್ಲ. ನಮ್ಮ ಪಠ್ಯಪುಸ್ತಕದ ಗುರುತ್ವವೂ ಶಬ್ದವೇ, ಅದನ್ನು ಅಂಕಗಳಿಗಾಗಿ ಒಪ್ಪಿಸುವವನು "ಏಕೆ?" ಎಂದು ಕೇಳುವುದು ಅಪೂರ್ವ. ಆಟದಲ್ಲಿ ಸೋತವನು ಕೇಳಿಯೇ ಕೇಳುತ್ತಾನೆ. ಕಡಿದ ಮರ ಏಕೆ ನಿಂತಿತೆಂದರೆ "ಆಟ ಮಾಡಿದವರು ಹಾಗಿಟ್ಟಿದ್ದಾರೆ" ಎನ್ನುವ ಹುಡುಗನೇ, ಹಕ್ಕಿ ಏಕೆ ಬಾಗಿತೆಂದರೆ "ಗ್ರಾವಿಟಿ" ಎನ್ನುತ್ತಾನೆ. ಅಲ್ಲಿಯೂ ಮಾಡಿದವರು ಇಟ್ಟದ್ದೇ ಎಂಬುದು ಅವನಿಗೆ ಹೊಳೆಯುವುದಿಲ್ಲ. ಅದನ್ನು ಹೊಳೆಯಿಸತಕ್ಕದ್ದು ಉಪಾಧ್ಯಾಯನ ಕೆಲಸ. ತುಂಗಭದ್ರೆಯ ಎಡದಂಡೆಯ ಕಾಲುವೆ ಊರಿಗೆ ದೂರವಿಲ್ಲ. ಇಬ್ಬರನ್ನೂ ಅಲ್ಲಿಗೆ ಕರೆದೊಯ್ದು ಒಂದೊಂದು ಕಲ್ಲನ್ನು ಓರೆಯಾಗಿ ಎಸೆಯಿಸಲಿ. ಆ ಕಲ್ಲಿನ ಹಿಂದೆ ಚುಕ್ಕಿಗಳ ಸಾಲು ಉಳಿಯುವುದಿಲ್ಲ. ದಾರಿಯು ಎಲ್ಲಿಂದ ಬಾಗಿತೆಂದು ಅವರೇ ನೋಡಿ ಜಗಳವಾಡಬೇಕಾಗುತ್ತದೆ.