ಸೂಚನೆಯೂ ತೀರ್ಪೂ

ಪರದೆ ಕತ್ತಲಾದರೆ ಲ್ಯಾಪ್‌ಟಾಪು ಮೂಕವಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಡೆಲ್ ಲ್ಯಾಟಿಟ್ಯೂಡಿನ ಅನೇಕ ಯಂತ್ರಗಳಿಗೆ ಬ್ಯಾಟರಿಯ ಪುಟ್ಟ ದೀಪವೇ ಆಗ ನಾಲಗೆ. ಅದು ಕೆಂಚು ಹಳದಿಯಾಗಿ 2 ಸಲ, ಬಿಳಿಯಾಗಿ 3 ಸಲ ಮಿನುಗಿದರೆ ‘ಮೆಮೊರಿ ಕಾಣುತ್ತಿಲ್ಲ’ ಎಂದರ್ಥ.

‘ಕಾಣುತ್ತಿಲ್ಲ’ ಎಂಬ ಮಾತನ್ನು ಗಮನಿಸಬೇಕು. ‘ಕೆಟ್ಟಿದೆ’ ಎನ್ನುವುದಕ್ಕೆ ಬೇರೆಯೇ ಎಣಿಕೆಯುಂಟು: 2 ಮತ್ತು 4. ಮೆಮೊರಿಯ ಪಟ್ಟಿ ತನ್ನ ಜಾಗದಲ್ಲಿ ಸಡಿಲಾಗಿದ್ದರೂ ಅದು ಕಾಣದೆ ಹೋದೀತು. ಆದುದರಿಂದ ಬಲ್ಲವನು ಮೊದಲು ಅದನ್ನು ತೆಗೆದು ಮತ್ತೆ ಕೂರಿಸಿ ನೋಡುತ್ತಾನೆ. ಹೊಸದನ್ನು ಕೊಳ್ಳುವ ಮಾತು ಆಮೇಲಿನದು.

ಮನುಷ್ಯರ ವಿಷಯದಲ್ಲಿ ನಮಗೆ ಈ ತಾಳ್ಮೆಯುಂಟೇ? ಮನೆಯ ಹಿರಿಯರು ಎರಡು ಸಲ ಹೆಸರು ಮರೆತರೆ ‘ಬುದ್ಧಿ ಹೋಯಿತು’ ಎಂದುಬಿಡುತ್ತೇವೆ. ದೀಪ ತೋರುವುದು ಎಲ್ಲಿ ನೋಡಬೇಕೆಂಬುದನ್ನಷ್ಟೆ. ಸೂಚನೆಯನ್ನು ಅಲಕ್ಷಿಸುವುದು ಅಜಾಗ್ರತೆ. ಅದನ್ನೇ ತೀರ್ಪೆನ್ನುವುದು ಅನ್ಯಾಯ. ನನಗೆ ಎರಡನೆಯದೇ ದೊಡ್ಡ ತಪ್ಪೆಂದು ತೋರುತ್ತದೆ. ಯಂತ್ರದ ಬಿಡಿಭಾಗವಾದರೋ ಪೇಟೆಯಲ್ಲಿ ಸಿಗುತ್ತದೆ.